ಕಾಂಪೌಂಡಿನ ಆಚೆ ಈಚೆ ಒಬ್ಬ ಭೀಮ

ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬರುವುದು ನನಗೆ ಇಪ್ಪತ್ತು ವರ್ಷದ ಅಭ್ಯಾಸ. ಕಾಂಪೌಂಡಿನ ಆಚೆ ಮೇಷ್ಟ್ರು ದಾಸವಾಳ ಬಿಡಿಸುತ್ತಿರುತ್ತಾರೆ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಎಪ್ಪತ್ತಮೂರು ದಾಟಿದರೂ ಗಿಡದ ತುದಿಯ ಹೂವಿಗೆ ಕೋಲು ಹುಡುಕುವವರಲ್ಲ. ಹಿಮ್ಮಡಿ ಎತ್ತಿ ಕೈಯಲ್ಲೇ ಕೀಳುತ್ತಾರೆ. ನಮ್ಮ ಮಾತುಕತೆಯೆಲ್ಲ ಆ ಎದೆಮಟ್ಟದ ಗೋಡೆಯ ಮೇಲೆಯೇ. ನಲ್ಲಿಯಲ್ಲಿ ನೀರು ಬಂತೇ, ನುಗ್ಗೆಕಾಯಿ ಬೇಕೇ ಎಂದು ಶುರುವಾದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು.

2025ರ ಅಕ್ಟೋಬರ್ ತಿಂಗಳ ನಡುಭಾಗ. ದೀಪಾವಳಿಗೆ ಇನ್ನು ನಾಲ್ಕೈದು ದಿನ ಇತ್ತು. ಮೇಷ್ಟ್ರು ಪೇಪರನ್ನು ಮಡಚಿ ಗೋಡೆಯ ಮೇಲಿಟ್ಟು, “ಕರ್ಣನೂ ಹೋದ ಕಣಮ್ಮ” ಅಂದರು.

ಯಾವ ಕರ್ಣ ಎಂದು ನಾನು ಕೇಳಲಿಲ್ಲ. ನಮ್ಮ ವಯಸ್ಸಿನವರಿಗೆ ಟಿವಿಯಲ್ಲಿ ಇದ್ದವನು ಒಬ್ಬನೇ ಕರ್ಣ. ಬಿ.ಆರ್. ಚೋಪ್ರಾ ಅವರ ಮಹಾಭಾರತದ ಪಂಕಜ್ ಧೀರ್ ಅಕ್ಟೋಬರ್ 15ರಂದು ಕ್ಯಾನ್ಸರಿನಿಂದ ತೀರಿಕೊಂಡಿದ್ದರು, 68 ವರ್ಷಕ್ಕೆ. ಅವರು ಸಂದರ್ಶನಗಳಲ್ಲಿ ಹೇಳಿಕೊಳ್ಳುತ್ತಿದ್ದ ಒಂದು ಸಂಗತಿ ನನಗೆ ನೆನಪಿತ್ತು, ಮೇಷ್ಟ್ರಿಗೆ ಹೇಳಿದೆ. ಮೊದಲು ಅವರನ್ನು ಗೊತ್ತುಮಾಡಿದ್ದು ಅರ್ಜುನನ ಪಾತ್ರಕ್ಕೆ. ಅರ್ಜುನ ಅಂದಮೇಲೆ ವಿರಾಟನಗರದಲ್ಲಿ ಬೃಹನ್ನಳೆಯಾಗಬೇಕಲ್ಲ, ಅದಕ್ಕೆ ಮೀಸೆ ತೆಗೆಯಬೇಕು. ಇವರು ಆಗುವುದಿಲ್ಲ ಅಂದರು. ಹಾಗಾದರೆ ಹೊರಡು ಅಂದರಂತೆ ಚೋಪ್ರಾ. ಕೆಲವು ತಿಂಗಳು ಬಿಟ್ಟು ಮತ್ತೆ ಕರೆ ಬಂತು, ಈ ಸಲ ಕರ್ಣನ ಪಾತ್ರಕ್ಕೆ.

“ನೋಡು, ಅರ್ಜುನ ಕೈಬಿಟ್ಟಿದ್ದಕ್ಕೆ ಕರ್ಣ ಸಿಕ್ಕಿದ,” ಅಂದರು ಮೇಷ್ಟ್ರು. ಒಂದು ಕ್ಷಣ ಸುಮ್ಮನಿದ್ದು ಬೆರಳು ಮಡಚತೊಡಗಿದರು. “ಶಕುನಿ ಹೋಗಿ ಎರಡು ವರ್ಷದ ಮೇಲಾಯ್ತು. ಅದಕ್ಕೂ ಮುಂಚೆ ಭೀಮ ಹೋದ.” ಭೀಮ ಅನ್ನುವಾಗ ಅವರ ದನಿ ಬೇರೆಯೇ ಆಗುತ್ತದೆ. ಅದಕ್ಕೆ ಕಾರಣ ನನಗೆ ಗೊತ್ತು.

ಶಕುನಿ ಅಂದರೆ ಗೂಫಿ ಪೇಂಟಲ್, 2023ರ ಜೂನ್ 5ರಂದು ಹೋದವರು. ಆ ಧಾರಾವಾಹಿಯ ಪಾತ್ರಗಳಿಗೆ ತಕ್ಕ ಜನರನ್ನು ಹುಡುಕುವ ಕೆಲಸವೂ ಅವರದೇ ಆಗಿತ್ತು. ಭೀಮ ಅಂದರೆ ಪ್ರವೀಣ್ ಕುಮಾರ್ ಸೋಬ್ತಿ. ಅವರು ದೆಹಲಿಯಲ್ಲಿ ಹೃದಯಾಘಾತದಿಂದ ತೀರಿಕೊಂಡದ್ದು 2022ರ ಫೆಬ್ರುವರಿ 7ರಂದು. ಅದರ ಹಿಂದಿನ ದಿನವಷ್ಟೇ ಲತಾ ಮಂಗೇಶ್ಕರ್ ಹೋಗಿದ್ದರು. ದೇಶಕ್ಕೆ ದೇಶವೇ ಆ ದುಃಖದಲ್ಲಿತ್ತು. ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ಕ್ಕೆ ಆಕೆ ಹಾಡಿದ್ದನ್ನು ನೆನೆದು ನಾವೂ ಇಲ್ಲಿ ಕಣ್ಣೊರೆಸಿಕೊಂಡಿದ್ದೆವು. ಪುಟ ಪುಟವೂ ಲತಾ. ಭೀಮನಿಗೆ ಸಿಕ್ಕಿದ್ದು ಒಳಪುಟದಲ್ಲಿ ಗೇಣುದ್ದ ಜಾಗ.

ಆವತ್ತು ಮೇಷ್ಟ್ರು ಇದೇ ಗೋಡೆಯ ಹತ್ತಿರ ನಿಂತು ನೊಂದುಕೊಂಡದ್ದು ಜಾಗ ಚಿಕ್ಕದಾಯಿತು ಎಂದಲ್ಲ. “ಟಿವಿ ಭೀಮ ಇನ್ನಿಲ್ಲ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಕೊನೇ ಸಾಲಲ್ಲಿ ಕ್ರೀಡಾಪಟುವೂ ಆಗಿದ್ದರು ಅಂತ ಇದೆ. ‘ಕ್ರೀಡಾಪಟುವೂ’ ಅಂತೆ! ಅಲ್ಲಮ್ಮ, ಏಷ್ಯನ್ ಗೇಮ್ಸಲ್ಲಿ ಎರಡು ಸಲ ಚಿನ್ನ ತಂದವನಿಗೆ ‘ಊ’ ಹಚ್ಚಿ ಮುಗಿಸಿಬಿಡೋದಾ?”

ಆ ಒಂದು ‘ಊ’ ಅವರಿಗೆ ಮುಳ್ಳಿನ ಹಾಗೆ ಚುಚ್ಚಿತ್ತು. ನನಗಾದರೋ ಅವತ್ತಿನವರೆಗೆ ಆ ಮನುಷ್ಯ ಡಿಸ್ಕಸ್ ಎಸೆಯುತ್ತಿದ್ದರು ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಹೀಗೆ ಒಬ್ಬನೇ ಮನುಷ್ಯ ಗೋಡೆಯ ಆಚೆ ಒಬ್ಬ, ಈಚೆ ಒಬ್ಬ.

ಈಚೆಯವನ ಕಥೆ ಮೊದಲು ಹೇಳುತ್ತೇನೆ.

ನಮ್ಮೂರು ಪಿರಿಯಾಪಟ್ಟಣದ ಕಡೆಯ ಹಳ್ಳಿ. 1988ರ ಅಕ್ಟೋಬರ್ 2ಕ್ಕೆ ದೂರದರ್ಶನದಲ್ಲಿ ಮಹಾಭಾರತ ಶುರುವಾದಾಗ ಊರಿಗೆಲ್ಲ ಇದ್ದದ್ದು ಎರಡೋ ಮೂರೋ ಟಿವಿ. ನಾವು ಹೋಗುತ್ತಿದ್ದ ಮನೆಯದು ಬಾಗಿಲು ಇದ್ದ ಕಪ್ಪುಬಿಳುಪು ಟಿವಿ. ಎರಡೂ ಕಡೆ ಸರಿಸಿದರೆ ಗರ್ಭಗುಡಿಯ ಬಾಗಿಲು ತೆರೆದಂತೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮುಂಚೆಯೇ ನಡುಮನೆ ತುಂಬಿ ಜಗಲಿಯೂ ತುಂಬುತ್ತಿತ್ತು. ಟಿವಿಯ ಮೇಲೆ ಎರಡು ಎಳೆ ಕನಕಾಂಬರ. ಮಾಳಿಗೆಯ ಮೇಲೆ ಬಿದಿರ ಗಳಕ್ಕೆ ಕಟ್ಟಿದ ಆಂಟೆನಾ ಹಿಡಿದು ಒಬ್ಬ ಹುಡುಗ. ಅವನು ಮೇಲಿನಿಂದ “ಬಂತಾ?” ಅನ್ನಬೇಕು, ನಾವು ಕೆಳಗಿನಿಂದ “ಬಂತು ಬಂತು… ಹೋಯ್ತು!” ಅನ್ನಬೇಕು. ಪಾಪ, ಆ ಹುಡುಗ ಹಸ್ತಿನಾವತಿಯನ್ನು ನೆಟ್ಟಗೆ ನೋಡಿದ್ದೇ ಇಲ್ಲ.

ಹಿಂದಿ ನಮಗೆ ಯಾರಿಗೂ ಬಾರದು. ಬರಬೇಕಾಗಿಯೂ ಇರಲಿಲ್ಲ, ನಮ್ಮಜ್ಜಿ ಇತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ದೇವಸ್ಥಾನದಲ್ಲಿ ನಡೆಯುತ್ತಿದ್ದ ಕುಮಾರವ್ಯಾಸ ಭಾರತದ ವಾಚನ ಕೇಳಿ ಕೇಳಿ ಇಡೀ ಕಥೆ ಅದರ ಬಾಯಲ್ಲಿತ್ತು. ಪರದೆಯ ಮೇಲೆ ಪಾತ್ರ ಬಾಯಿ ತೆರೆಯುವುದಕ್ಕೆ ಮೊದಲೇ ಅಜ್ಜಿ ಹೇಳಿಬಿಡುತ್ತಿತ್ತು: “ಈಗ ನೋಡ್ರೋ, ಇವ್ನು ಒಪ್ಪಲ್ಲ. ಇವ್ನು ಒಪ್ಪದೆ ಹೋದ್ದಕ್ಕೇ ಅಲ್ಲಿ ಅಷ್ಟು ಹೆಣ ಬಿದ್ದಿದ್ದು.” ಯಾವ ಭಾಷೆಯಲ್ಲಿ ಮಾತಾಡಿದರೂ ಭೀಮ ಅಜ್ಜಿಗೆ ಸ್ವಂತ ಮೊಮ್ಮಗನೇ. ಹಿಡಿಂಬನ ಕಾಡು, ಬಕನಿಗೆ ಬಂಡಿ ಅನ್ನ, ಅಡುಗೆಮನೆಯಲ್ಲಿ ವಲಲ, ನಾಟ್ಯಶಾಲೆಯ ಕತ್ತಲಲ್ಲಿ ಕೀಚಕ, ಎಲ್ಲ ಗೊತ್ತಿದ್ದದ್ದೇ. ಆದರೂ ಆ ಆರೂವರೆ ಅಡಿಯ ಆಳು ಗದೆ ಹೆಗಲಿಗೇರಿಸಿ ಸಭೆಯೊಳಗೆ ಬಂದ ಮೊದಲ ದಿನ ಅಜ್ಜಿ ಮಾತು ನಿಲ್ಲಿಸಿ ಕೂತಿತ್ತು. ಆಮೇಲೆ ಮೆಲ್ಲಗೆ, “ಇವ್ನಿಗೆ ಹೊಟ್ಟೆಗೆ ಹಾಕಿ ಸಾಕಿದ ತಾಯಿ ಪುಣ್ಯಾತ್ಗಿತ್ತಿ” ಅಂತು.

94 ಕಂತು, 1990ರ ಜೂನ್‌ವರೆಗೆ. ಆ ಭಾನುವಾರಗಳಲ್ಲಿ ಹೊಲಕ್ಕೆ ಹೋಗುವವರು ತಡವಾಗಿ ಹೋದರು, ಬಸ್ಸುಗಳು ಖಾಲಿ ಓಡಿದವು. 2020ರಲ್ಲಿ ಲಾಕ್‌ಡೌನ್ ಆಗಿ ದೂರದರ್ಶನದವರು ಅದನ್ನೇ ಮತ್ತೆ ಹಾಕಿದಾಗ ನಾನು ಒಬ್ಬಳೇ ಕೂತು ನೋಡಿದೆ, ಬಣ್ಣದ ಟಿವಿಯಲ್ಲಿ. ಅಜ್ಜಿ ಇರಲಿಲ್ಲ. ಹಿಂದಿ ಈಗ ಅರ್ಥವಾಗುತ್ತಿತ್ತು. ಅರ್ಥವಾದದ್ದರಿಂದ ಹೆಚ್ಚೇನೂ ಸಿಗಲಿಲ್ಲ, ಅದು ಬೇರೆ ಮಾತು.

ಇನ್ನು ಗೋಡೆಯ ಆಚೆಯವನು.

ಮೇಷ್ಟ್ರು ಪ್ರೌಢಶಾಲೆಯಲ್ಲಿದ್ದಾಗಲೇ ಡಿಸ್ಕಸ್ ಹಿಡಿದವರು. ನಮ್ಮ ಕಡೆ ಚಕ್ರ ಎಸೆತ ಅನ್ನುತ್ತೇವಲ್ಲ, ಅದು. ಅವರ ತಲೆಮಾರಿನ ಎಸೆತಗಾರರಿಗೆ ಪ್ರವೀಣ್ ಕುಮಾರ್ ಎಂದರೆ ಪೇಪರಿನಿಂದ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡ ಒಂದು ಮಸುಕು ಫೋಟೊ. ಪಂಜಾಬಿನ ಸರಹಾಲಿ ಎಂಬ ಊರಿನ ಹುಡುಗ. 1966ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಕಾಮನ್‌ವೆಲ್ತ್ ಕೂಟ ನಡೆದಾಗ ಹ್ಯಾಮರ್ ಥ್ರೋನಲ್ಲಿ ಬೆಳ್ಳಿ. ಅದೇ ವರ್ಷ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಡಿಸ್ಕಸ್‌ಗೆ ಚಿನ್ನ, ಹ್ಯಾಮರ್‌ಗೆ ಕಂಚು. ಆಗಿನ್ನೂ ಅವನಿಗೆ ಹತ್ತೊಂಬತ್ತು ತುಂಬಿದ ಸಮಯ. 1970ರಲ್ಲಿ ಮತ್ತೆ ಬ್ಯಾಂಕಾಕ್, ಮತ್ತೆ ಡಿಸ್ಕಸ್ ಚಿನ್ನ. 1974ರಲ್ಲಿ ಟೆಹರಾನ್, ಬೆಳ್ಳಿ. ನಡುವೆ ಮೆಕ್ಸಿಕೊ, ಮ್ಯೂನಿಕ್, ಎರಡು ಒಲಿಂಪಿಕ್ಸ್. ಅರ್ಜುನ ಪ್ರಶಸ್ತಿ. ಕೆಲಸ ಗಡಿ ಭದ್ರತಾ ಪಡೆಯಲ್ಲಿ. ಇದನ್ನೆಲ್ಲ ಮೇಷ್ಟ್ರು ಪೇಪರು ನೋಡಿ ಹೇಳುವುದಿಲ್ಲ. ಮಗ್ಗಿ ಒಪ್ಪಿಸಿದ ಹಾಗೆ ಬರುತ್ತದೆ.

ಭೀಮ ಹೋದ ಸುದ್ದಿ ಬಂದ ಆವತ್ತು ನಾನು ವಾದಕ್ಕೆ ನಿಂತಿದ್ದೆ. “ಮೇಷ್ಟ್ರೇ, ಭೀಮ ಆಗಿದ್ದಕ್ಕಲ್ವಾ ಇವತ್ತು ನಮ್ಮಂಥವರಿಗೆ ಆ ಹೆಸರು ಗೊತ್ತಾಗಿರೋದು? ಅವರ ಜೊತೆ ಪದಕ ಗೆದ್ದ ಬೇರೆಯವರ ಹೆಸರು ಹೇಳಿ ನೋಡೋಣ ಅಂದ್ರೆ ನನಗೆ ಒಂದೂ ಬರಲ್ಲ.”

“ಅದೇ ಹೇಳ್ತಿರೋದು ನಾನು. ನಿನಗೆ ಬರಲ್ಲ ಅನ್ನೋದೇ ನನ್ನ ಹೊಟ್ಟೆ ಉರಿ.”

“ಪಾತ್ರದ ಹೆಸರಲ್ಲಿ ಕೂಗೋದು ಅಗೌರವ ಅಲ್ಲ. ಭೀಮ ಹೋದ ಅಂದ್ರೆ ಮನೆಯವನೇ ಹೋದ ಹಾಗೆ ಅನ್ನಿಸ್ತು ನನಗೆ.”

“ಅನ್ನಿಸ್ಲಿ ತಾಯಿ, ಬೇಡ ಅಂದೋರ್ಯಾರು? ಆದ್ರೆ ಆ ಭೀಮ ಎಲ್ಲಿಂದ ಬಂದ? ಬಾಂಬೆಯಲ್ಲಿ ಗದೆ ಕೊಟ್ಟು ಕಿರೀಟ ಇಟ್ಟ ಕೂಡಲೇ ಬಂದ್ಬಿಟ್ನಾ?”

ಹೀಗೆ ಹೇಳಿ ಒಳಗೆ ಹೋದವರು ಕೈಯಲ್ಲಿ ದಬರಿಯ ಮುಚ್ಚಳ ಹಿಡಿದು ಬಂದರು, ಹಿತ್ತಾಳೆಯದು, ಹಳೆಯ ಕಾಲದ ಭಾರದ್ದು. ಹಿಂದೆಯೇ ಅವರ ಹೆಂಡತಿ, ನಾನು ಅಕ್ಕ ಅನ್ನುವವರ ದನಿ: “ಏನ್ರೀ, ಅನ್ನ ಕುದೀತಾ ಇದೆ, ಮುಚ್ಚಳ ಎಲ್ಲಿಗೆ ತಗೊಂಡು ಹೋದ್ರಿ?”

ಅಕ್ಕನಿಗೆ ಉತ್ತರ ಸಿಗಲಿಲ್ಲ. ಮೇಷ್ಟ್ರು ಎಡ ಅಂಗೈ ಮೇಲೆ ಮುಚ್ಚಳ ಇಟ್ಟುಕೊಂಡು ಅದರ ಮೇಲೆ ಬಲಗೈ ಹರಡಿದರು. ನಾನು ಗೋಡೆಗೆ ಇನ್ನಷ್ಟು ಒತ್ತಿ ನಿಂತೆ. ನಾಲ್ಕು ಬೆರಳಿನ ತುದಿಯ ಗೆಣ್ಣು ಮಾತ್ರ ಅಂಚಿಗೆ ಕೊಕ್ಕೆ ಹಾಕಿರಬೇಕು. ಹೆಬ್ಬೆರಳು ಸುಮ್ಮನೆ ಮೇಲೆ ಮಲಗಿರಬೇಕು, ಹಿಡಿಯಬಾರದು. “ಇದು ಹಿಡಿಯೋ ವಸ್ತು ಅಲ್ಲ, ಒರಗಿಸಿಕೊಳ್ಳೋದು. ಬಿಗಿಯಾಗಿ ಹಿಡಿದೆಯೋ, ಕೆಟ್ಟೆ.” ಗಂಡಸರ ಡಿಸ್ಕಸ್ಸಿಗೆ ಎರಡು ಕಿಲೋ ತೂಕ, ಅಡ್ಡಳತೆ ಇಪ್ಪತ್ತೆರಡು ಸೆಂಟಿಮೀಟರ್. ಎಸೆಯುವವನಿಗೆ ಕೊಡುವ ವೃತ್ತ ಎರಡೂವರೆ ಮೀಟರ್ ಅಗಲದ್ದು, ನಮ್ಮ ಬಚ್ಚಲುಮನೆಯಷ್ಟು. ಅದರೊಳಗೇ ಬಯಲಿಗೆ ಬೆನ್ನು ಹಾಕಿ ನಿಂತು, ಒಂದೂವರೆ ಸುತ್ತು ಸುತ್ತಿ, ಅಂಚು ದಾಟದೆ ಬಿಡಬೇಕು. ಕೊನೆಗೆ ತೋರುಬೆರಳಿನ ಮೇಲಿಂದ ಉರುಳಿ ತಿರುಗುತ್ತಾ ಹೋಗಬೇಕು. ತಿರುಗದಿದ್ದರೆ ಗಾಳಿಯಲ್ಲಿ ಹಪ್ಪಳದಂತೆ ಅಲ್ಲಾಡಿ ಬೀಳುತ್ತದೆ.

“ಈಗ ಕಾಲು ನೋಡು,” ಅಂದರು. “ನೋಡೋರೆಲ್ಲ ಕೈ ನೋಡ್ತಾರೆ. ಎಸೆಯೋದು ಕೈ ಅಲ್ಲ. ಮೊದಲು ಪಾದ ತಿರುಗ್ತದೆ, ಆಮೇಲೆ ಮಂಡಿ, ಆಮೇಲೆ ಸೊಂಟ, ಆಮೇಲೆ ಎದೆ. ಕೈ ಎಲ್ಲಕ್ಕಿಂತ ಹಿಂದೆ, ಹಗ್ಗದ ತುದಿ ಹಾಗೆ ಬರ್ತದೆ. ಹೊಸಬರು ಮೊದಲೇ ಕೈ ಬೀಸ್ತಾರೆ. ಹತ್ತು ವರ್ಷ ಬೈಸಿಕೊಂಡ ಮೇಲೆ ಕಾಲು ಮೊದಲು ಬರೋಕೆ ಶುರುವಾಗ್ತದೆ.”

ಎಡಗಾಲಿನ ಮುಂಪಾದದ ಮೇಲೆ ನಿಧಾನಕ್ಕೆ ಅರ್ಧ ಸುತ್ತು ತಿರುಗಿದರು. ಪಂಚೆ ಚೂರು ಅರಳಿತು. ಹಿತ್ತಲಿನ ಹಸಿ ಮಣ್ಣಿನಲ್ಲಿ ಅವರ ಪಾದ ಕೊರೆದ ಒಂದು ಸಣ್ಣ ಗುಂಡಿ ಉಳಿಯಿತು. ಮುಚ್ಚಳ ಬಿಡಲಿಲ್ಲ, ಅಕ್ಕನಿಗೆ ಬೇಕಾಗಿತ್ತು.

ಅಲ್ಲಿಂದ ಮುಂದೆ ನನ್ನ ವಾದ ಮೆತ್ತಗಾಯಿತು. 1988ರಲ್ಲಿ ಕ್ಯಾಮೆರಾ ಮುಂದೆ ಗದೆ ಹಿಡಿದು ನಿಂತಾಗ ಆ ಮನುಷ್ಯನಿಗೆ ನಲವತ್ತು ವರ್ಷ. ಬ್ಯಾಂಕಾಕ್‌ನ ಎರಡನೇ ಚಿನ್ನಕ್ಕೆ ಹದಿನೆಂಟು ವರ್ಷ ಕಳೆದಿತ್ತು. ಅಷ್ಟರಲ್ಲಿ ಸಿನಿಮಾದಲ್ಲಿ ಅಲ್ಲೊಂದು ಇಲ್ಲೊಂದು ದಾಂಡಿಗನ ಪಾತ್ರ ಮಾಡಿದ್ದರು. ‘ಶಹೆನ್‌ಶಾ’ದಲ್ಲಿ ಅಮಿತಾಭ್ ಬಚ್ಚನ್ ಎದುರು ನಿಂತ ಮುಖ್ತಾರ್ ಸಿಂಗ್ ಅವರೇ. ಪುನೀತ್ ಇಸ್ಸಾರ್‌ಗೆ ಮೊದಲು ಭೀಮನ ಪಾತ್ರ ಕೊಡಲು ಹೊರಟಿದ್ದರಂತೆ. ಅವರು ಹಟ ಮಾಡಿ ದುರ್ಯೋಧನನನ್ನು ಕೇಳಿ ಪಡೆದರು. ಅಂಥ ಮೈಕಟ್ಟಿನವನು ದುರ್ಯೋಧನ ಆದಮೇಲೆ ಅವನ ತೊಡೆ ಮುರಿಯಲು ಅವನಿಗಿಂತ ದೊಡ್ಡವನೇ ಬೇಕಾಯಿತು. ಹಾಗೆ ಹುಡುಕಿದಾಗ ಸಿಕ್ಕವರು ಪ್ರವೀಣ್. ಈ ಪುನೀತ್ ಇಸ್ಸಾರ್ ಹೆಸರು ಬೆಂಗಳೂರಿನವರು ಮರೆಯುವಂತಿಲ್ಲ. 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರೀಕರಣ ನಡೆದಾಗ ಅಮಿತಾಭ್‌ಗೆ ಪೆಟ್ಟಾದದ್ದು ಇವರ ಜೊತೆಗಿನ ಹೊಡೆದಾಟದಲ್ಲೇ.

ಹೀಗೆ ಮೈ ಹುರಿಗೊಳಿಸಿದವರು ಬಣ್ಣ ಹಚ್ಚುವುದು ನಮ್ಮ ಮೈಸೂರಿನವರಿಗೆ ಹೊಸದೇನಲ್ಲ ಎಂದು ಮೇಷ್ಟ್ರೇ ನೆನಪಿಸಿದರು. ಇಲ್ಲಿ ಕೇರಿಗೊಂದು ಗರಡಿ ಇದ್ದ ಊರು. ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನಲ್ಲಿ ಸಾಮು ತೆಗೆದು, ದಂಡ ಹೊಡೆದು, ಬಸ್ಕಿ ತೆಗೆದು ಬೆಳೆದ ಹುಡುಗರು ಸಂಜೆ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದರು. ದಸರಾ ಬಂದರೆ ಇವತ್ತಿಗೂ ಕುಸ್ತಿಗೆ ಜೋಡಿ ಕಟ್ಟುವುದುಂಟು. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಉಂಟು. ಆ ಮಣ್ಣಿನಿಂದ ಎದ್ದು ಬಂದವರೇ ಎಂ.ಪಿ. ಶಂಕರ್. ‘ರತ್ನಮಂಜರಿ’ಯಿಂದ ಸಿನಿಮಾಕ್ಕೆ ಬಂದರು. ‘ಸತ್ಯ ಹರಿಶ್ಚಂದ್ರ’ದ ವೀರಬಾಹು ಯಾರು ಅಂದರೆ ಕನ್ನಡದ ಮಕ್ಕಳೂ ಹೇಳುತ್ತಾರೆ. ಚಕ್ರವರ್ತಿಯನ್ನೇ ಕೊಂಡು ಸ್ಮಶಾನ ಕಾಯಲು ಇಟ್ಟುಕೊಳ್ಳುವವನು. ಆ ಗತ್ತಿಗೆ ಆ ಎದೆಯೇ ಬೇಕಿತ್ತು. ‘ಭೂತಯ್ಯನ ಮಗ ಅಯ್ಯು’ವಿನ ಭೂತಯ್ಯ ಅವರೇ. 1973ರಲ್ಲಿ ‘ಗಂಧದ ಗುಡಿ’ ತೆಗೆದ ನಿರ್ಮಾಪಕರೂ ಅವರೇ. ಕಾಡು, ಆನೆ, ಗಂಧದ ಮರ ಎಂದು ಹಂಬಲಿಸಿದ ಪೈಲ್ವಾನ್. 2008ರಲ್ಲಿ ತೀರಿಕೊಂಡರು.

“ಭೂತಯ್ಯ ಕುರ್ಚಿ ಮೇಲೆ ಕೂತಿರೋದು ನೆನಪಿದೆಯಾ?” ಅಂದರು ಮೇಷ್ಟ್ರು. “ಮಾತೇ ಬೇಡ. ಗರಡಿ ಮಣ್ಣಲ್ಲಿ ಬಿದ್ದು ಎದ್ದವನು ಸುಮ್ಮನೆ ಕೂತ್ರೂ ಎದುರಿಗೆ ನಿಂತವನಿಗೆ ಕಾಲು ನಡುಗಬೇಕು.”

ದಾರಾಸಿಂಗ್ ವಿಷಯ ಬರದೆ ಈ ಮಾತು ಮುಗಿಯುವುದಿಲ್ಲ. ಹೋಗಿ ಹದಿಮೂರು ವರ್ಷದ ಮೇಲಾಯಿತು, 2012ರ ಜುಲೈ 12. ಆದರೆ ಇವರೆಲ್ಲರಿಗೂ ದೊಡ್ಡಣ್ಣ ಅವರೇ. ಅಮೃತಸರದ ಕಡೆಯ ಧರ್ಮೂಚಕ್ ಎಂಬ ಹಳ್ಳಿಯವರು. ಕಿಂಗ್‌ಕಾಂಗ್ ಎಂದು ಹೆಸರಿಟ್ಟುಕೊಂಡಿದ್ದ ದೈತ್ಯನನ್ನು ಎತ್ತಿ ಒಗೆದವರು, 1968ರಲ್ಲಿ ಬೊಂಬಾಯಿಯಲ್ಲಿ ಲೂ ಥೆಸ್ಜ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದವರು. 1965ರ ಹಿಂದಿ ‘ಮಹಾಭಾರತ’ ಸಿನಿಮಾದಲ್ಲಿ ಭೀಮ ಅವರೇ. ಆಮೇಲೆ ‘ಬಜರಂಗಬಲಿ’ ಆದರು. ರಮಾನಂದ ಸಾಗರರ ರಾಮಾಯಣದಲ್ಲಿ ಹನುಮಂತನಾದಾಗ ಅವರಿಗೆ ಅರವತ್ತರ ಹತ್ತಿರ ವಯಸ್ಸು. ಮುಖದ ಮುಕ್ಕಾಲು ಪಾಲು ವಾನರನ ಮೂತಿಯೊಳಗೆ ಅಡಗಿರುವಾಗ ನಟನಿಗೆ ಉಳಿಯುವುದೇನು? ಕಣ್ಣು, ಭುಜ, ಬೆನ್ನು. ರಾಮನ ಮುಂದೆ ಅಷ್ಟು ದೊಡ್ಡ ಬೆನ್ನು ಬಾಗುವುದನ್ನು ನೋಡಿದರೆ ಸಾಕಿತ್ತು. ಭಕ್ತಿ ಎಂದರೇನೆಂದು ನಮಗೆ ಬೇರೆ ಹೇಳಬೇಕಾಗಿರಲಿಲ್ಲ. ಬಲವಿಲ್ಲದವನು ಬಾಗಿದರೆ ಅದು ಬರೀ ಬಾಗುವುದು. ಬೆಟ್ಟ ಎತ್ತಬಲ್ಲವನು ಬಾಗಿದಾಗಲೇ ಹನುಮಂತ.

ನನಗೆ ಒಂದು ಸಂಗತಿ ಬಹಳ ದಿನದಿಂದ ಮನಸ್ಸಿನಲ್ಲಿ ತಿರುಗುತ್ತಿತ್ತು. ಕರ್ಣ ಹೋದ ಆ ಬೆಳಗ್ಗೆ ಮೇಷ್ಟ್ರ ಮುಂದೆ ಬಿಚ್ಚಿಟ್ಟೆ. ಮೈಸೂರಿನ ಅರಸ ರಣಧೀರ ಕಂಠೀರವ ನರಸರಾಜ ಒಡೆಯರು, 1638ರಿಂದ 1659ರವರೆಗೆ ಆಳಿದವರು. ವೇಷ ಮರೆಸಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿ ಬಂದರು ಎಂಬ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಅರಸನ ಪಾತ್ರವನ್ನು 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರದಲ್ಲಿ ಮಾಡಿದವರು ರಾಜ್‌ಕುಮಾರ್. ನಾಟಕದವರೇ ಸೇರಿಕೊಂಡು, ಕಲಾವಿದರ ಸಂಘ ಕಟ್ಟಿ, ತಾವೇ ಹಣ ಹೊಂದಿಸಿ ತೆಗೆದ ಸಿನಿಮಾ ಅದು. 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರು ಹೋದಾಗ ಜನ ಕೊನೆಯ ದರ್ಶನಕ್ಕೆ ಹೋದದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ. ಮಣ್ಣು ಮಾಡಿದ್ದು ಕಂಠೀರವ ಸ್ಟುಡಿಯೋದಲ್ಲಿ. ಹದಿನೈದು ವರ್ಷ ಕಳೆದು 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್, ನಮ್ಮ ಅಪ್ಪು, ಹೋದಾಗ ಮತ್ತೆ ಅದೇ ಕ್ರೀಡಾಂಗಣ, ಮತ್ತೆ ಅದೇ ಸ್ಟುಡಿಯೋ, ಅಪ್ಪನ ಪಕ್ಕದಲ್ಲೇ.

ಮೇಷ್ಟ್ರು ಹೂಬುಟ್ಟಿಯ ಮೇಲೆ ಕೈಯಿಟ್ಟು ಕೇಳುತ್ತಿದ್ದರು. “ನಾನು ಮಕ್ಕಳನ್ನ ಕರ್ಕೊಂಡು ಎಷ್ಟು ಸಲ ಹೋಗಿದೀನಿ ಆ ಟ್ರ್ಯಾಕಿಗೆ. ಅವತ್ತು ಟಿವಿಯಲ್ಲಿ ನೋಡ್ತಾ ಇದ್ದಾಗ, ಓಡೋ ಜಾಗದಲ್ಲಿ ಈ ಹುಡುಗ ಮಲಗಿದಾನಲ್ಲ ಅಂತ…” ಅಷ್ಟಕ್ಕೆ ನಿಲ್ಲಿಸಿದರು.

ಪುನೀತ್‌ಗೆ ಕೇವಲ 46. ಅವರು ಪದಕ ಗೆದ್ದ ಆಟಗಾರರಲ್ಲ. ಆದರೆ ಕುಣಿತದಲ್ಲಿ, ಹೊಡೆದಾಟದಲ್ಲಿ ಆ ಮೈ ಬಳುಕುತ್ತಿದ್ದ ರೀತಿಗೆ ಪಿ.ಟಿ. ಮೇಷ್ಟ್ರುಗಳೆಲ್ಲ ಮರುಳಾಗಿದ್ದರು ಎಂದು ಇವರೇ ಹೇಳುತ್ತಾರೆ. ‘ಬೆಟ್ಟದ ಹೂವು’ವಿನ ರಾಮುವಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಾವು ಹೈಸ್ಕೂಲಿನ ಹುಡುಗರು. ಅವನು ನಮ್ಮ ಜೊತೆಗೇ ಬೆಳೆದವನು, ನಮಗಿಂತ ಮೊದಲು ಹೋದ. ಅಪ್ಪನಂತೆ ಮಗನ ಕಣ್ಣುಗಳನ್ನೂ ದಾನ ಮಾಡಿದರು. ಅವನ್ನು ನಾಲ್ಕು ಜನಕ್ಕೆ ಜೋಡಿಸಿದರು. ಆಮೇಲೆ ನಮ್ಮ ಬೀದಿಯಲ್ಲೇ ಎಷ್ಟು ಜನ ನೇತ್ರದಾನಕ್ಕೆ ಹೆಸರು ಬರೆಸಿದರು! ಅಕ್ಕ ಬರೆಸಿದರು, ನಾನೂ ಬರೆಸಿದೆ. ಒಂದು ವರ್ಷಕ್ಕೆ, 2022ರ ಅಕ್ಟೋಬರ್ 28ರಂದು, ಅಪ್ಪು ಕಾಡಿನಲ್ಲಿ ನಡೆದಾಡಿದ ಚಿತ್ರ ಬಂತು. ಅದರ ಹೆಸರೂ ‘ಗಂಧದ ಗುಡಿ’. ಪೈಲ್ವಾನ್ ಶಂಕರ್ ನಲವತ್ತೊಂಬತ್ತು ವರ್ಷದ ಹಿಂದೆ ಇಟ್ಟ ಹೆಸರು. ಥಿಯೇಟರಿನಲ್ಲಿ ದೀಪ ಹತ್ತಿದ ಮೇಲೂ ಜನ ಎದ್ದಿರಲಿಲ್ಲ.

ಕರ್ಣ ಹೋದ ಅದೇ 2025ರ ಜುಲೈ ನೆನಪಾಗುತ್ತದೆ. 14ನೇ ತಾರೀಕು ಬಿ. ಸರೋಜಾದೇವಿ ಹೋದರು. ಅಕ್ಕ ಎರಡು ದಿನ ಟಿವಿ ಮುಂದಿನಿಂದ ಏಳಲಿಲ್ಲ. ‘ಕಿತ್ತೂರು ಚೆನ್ನಮ್ಮ’ನನ್ನು ನೋಡಿ ಬಂದ ದಿನ ಯಾವ ಸೀರೆ ಉಟ್ಟಿದ್ದೆ ಎಂಬುದೂ ಅಕ್ಕನಿಗೆ ನೆನಪಿದೆ. ಚನ್ನಪಟ್ಟಣದ ಬಳಿಯ ದಶವಾರದಲ್ಲಿ ಮಣ್ಣು ಮಾಡುವುದನ್ನು ನೋಡುತ್ತಾ ಸೆರಗಿನಿಂದ ಮೂಗು ಒತ್ತಿಕೊಂಡು, “ತವರಿಗೆ ಬಂದ್ಲು ನೋಡು” ಅಂದರು. ಆಕೆಯೂ ಕಣ್ಣು ಕೊಟ್ಟು ಹೋದರು. ಹತ್ತು ದಿನ ಕಳೆಯಿತು. ರಾತ್ರಿ ಹೊತ್ತು ಅಮೆರಿಕದಿಂದ ಮೇಷ್ಟ್ರ ಮಗನ ಫೋನು. “ಅಪ್ಪಾ, ಹಲ್ಕ್ ಹೋಗನ್ ಹೋಗ್ಬಿಟ್ಟ.” ಅಕ್ಕನಿಗೆ ಅದು ಯಾರೋ ಗೊತ್ತಿಲ್ಲ. ಮೇಷ್ಟ್ರಿಗೆ ಗೊತ್ತು. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಹುಡುಗರೆಲ್ಲ ಜೇಬಿನಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡು ಇಟ್ಟುಕೊಂಡು ತಿರುಗುತ್ತಿದ್ದರಲ್ಲ, ಯಾರ ಎತ್ತರ ಎಷ್ಟು, ತೂಕ ಎಷ್ಟು ಎಂದು ಪಂದ್ಯ ಕಟ್ಟುತ್ತಾ. ಹಳದಿ ಬನಿಯನ್ನು, ಕೆಳಗಿಳಿದ ಮೀಸೆ. ಅವನೂ ಕುಸ್ತಿಯ ಅಂಕಣದಿಂದ ಸಿನಿಮಾಕ್ಕೆ ಹೋದವನೇ, ‘ರಾಕಿ’ಯ ಮೂರನೇ ಭಾಗದಲ್ಲಿ ಇದ್ದಾನೆ. ಅದೇ ‘ರಾಕಿ’ಯಲ್ಲಿ ಅಪೋಲೊ ಕ್ರೀಡ್ ಆಗಿದ್ದ ಕಾರ್ಲ್ ವೆದರ್ಸ್, ಅಮೆರಿಕದ ಫುಟ್ಬಾಲ್ ಆಡಿ ಆಮೇಲೆ ನಟನಾದವರು, 2024ರ ಫೆಬ್ರುವರಿಯಲ್ಲಿ ಹೋಗಿದ್ದರು, ಆಗಲೂ ಮಗ ಫೋನು ಮಾಡಿದ್ದನಂತೆ. ನಲವತ್ತು ದಾಟಿದ ಮಗ, ಸಾವಿರಾರು ಮೈಲಿ ಆಚೆ, ಇಂಥ ಸುದ್ದಿ ಬಂದರೆ ಮೊದಲು ಅಪ್ಪನಿಗೇ ಹೇಳಬೇಕು ಅನ್ನಿಸುತ್ತದಲ್ಲ, ಅದನ್ನು ಹೇಳುವಾಗ ಮೇಷ್ಟ್ರ ಮುಖ ನೋಡಬೇಕಿತ್ತು.

ಪ್ರವೀಣ್ ಕುಮಾರ್ ಬಗ್ಗೆ ಒಂದು ಬೇಸರ ಮಾತ್ರ ಅವರ ಮನಸ್ಸಿನಿಂದ ಹೋಗಿಲ್ಲ. ತೀರಿಕೊಳ್ಳುವುದಕ್ಕೆ ಕೆಲವೇ ವಾರ ಮುಂಚೆ ಆ ಮನುಷ್ಯ ಪತ್ರಿಕೆಗಳ ಮುಂದೆ ಹೇಳಿಕೊಂಡಿದ್ದರು: ಏಷ್ಯನ್ ಗೇಮ್ಸ್‌ನಲ್ಲಿ ಪದಕ ಗೆದ್ದ ಬೇರೆ ಆಟಗಾರರಿಗೆ ಪಂಜಾಬ್ ಸರ್ಕಾರ ಪಿಂಚಣಿ ಕೊಟ್ಟಿದೆ, ತನಗೆ ಕೊಟ್ಟಿಲ್ಲ ಎಂದು. ಗಡಿ ಭದ್ರತಾ ಪಡೆಯ ಪಿಂಚಣಿಯಲ್ಲೇ ಜೀವನ ನಡೆಯುತ್ತಿತ್ತು. ಆ ಸುದ್ದಿಯೂ ‘ಮಹಾಭಾರತದ ಭೀಮ ಪಿಂಚಣಿ ಕೇಳುತ್ತಿದ್ದಾನೆ’ ಎಂಬ ತಲೆಬರಹದಲ್ಲೇ ಬಂತು. “ಅವನು ಕೇಳಿದ್ದು ಭೀಮನ ಪಿಂಚಣಿ ಅಲ್ಲಮ್ಮ. ಬ್ಯಾಂಕಾಕ್‌ದು,” ಅಂದರು ಮೇಷ್ಟ್ರು. ನನಗೆ ಆಗ ಅವರ ‘ಊ’ ಮುಳ್ಳು ಎಲ್ಲಿ ಚುಚ್ಚಿತ್ತು ಎಂಬುದು ಪೂರ್ತಿ ಅರ್ಥವಾಯಿತು. ನಾನು ಪ್ರೀತಿಯಿಂದಲೇ ಭೀಮ ಅನ್ನುತ್ತೇನೆ, ಇನ್ನೂ ಹಾಗೇ ಅನ್ನುತ್ತೇನೆ. ಆದರೆ ಈಗ ಆ ಹೆಸರಿನ ಜೊತೆಗೆ ಸರಹಾಲಿ, ಕಿಂಗ್‌ಸ್ಟನ್, ಬ್ಯಾಂಕಾಕ್, ಟೆಹರಾನ್ ಎಂದು ನಾಲ್ಕು ಊರು ಬಾಯಿಗೆ ಬರುತ್ತವೆ. ಮೊಮ್ಮಕ್ಕಳಿಗೆ ಹೇಳುವಾಗಲೂ ಹಾಗೇ ಹೇಳುತ್ತೇನೆ.

ಅವತ್ತು ಮಾತು ಅಲ್ಲಿಗೆ ನಿಂತು ನಾನು ಒಳಗೆ ಹೊರಟೆ. ಅಷ್ಟರಲ್ಲಿ ದೀಪಾವಳಿ ರಜೆಗೆ ಬಂದಿದ್ದ ಮೇಷ್ಟ್ರ ಮಗಳ ಮಗಳು, ಹನ್ನೊಂದು ವರ್ಷದವಳು, ಮೊಬೈಲು ಹಿಡಿದು ಬಂದಳು. ಕರ್ಣ, ಭೀಮ ಎಂದು ನಾವು ಅಷ್ಟು ಹೊತ್ತಿನಿಂದ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡು ಹುಡುಕಿ ತೆಗೆದಿದ್ದಳು. “ತಾತ, ಇವ್ನೇನಾ?”

ಗೋಡೆಯ ಮೇಲೆ ಮೊಬೈಲು ಇಟ್ಟು ಮೂವರೂ ಬಗ್ಗಿದೆವು. ಹಳೆಯ ದೃಶ್ಯ, ಬಣ್ಣ ಮಾಸಿದ್ದು. ಕಿರೀಟ, ಭುಜಕೀರ್ತಿ, ಗದೆ. ನಾನು ಎಂದಿನಂತೆ ಆ ಮುಖವನ್ನೇ ನೋಡುತ್ತಿದ್ದೆ. ಅಜ್ಜಿಯ ಪಕ್ಕದಲ್ಲಿ ಕೂತು ನೋಡಿದ ಮುಖ. ಮೇಷ್ಟ್ರು ಕನ್ನಡಕ ಮೇಲಕ್ಕೇರಿಸಿ ಪರದೆಯ ಕೆಳಭಾಗಕ್ಕೆ ಬೆರಳಿಟ್ಟರು.

“ಕೈ ನೋಡಬೇಡ ಪುಟ್ಟಿ. ಕಾಲು ನೋಡು. ಗದೆ ಇನ್ನೂ ಹೆಗಲ ಮೇಲೇ ಇದೆ, ಕಾಲು ಆಗಲೇ ತಿರುಗ್ತು… ಕಂಡ್ತಾ?”

ಅವಳಿಗೆ ಕಾಣಿಸಲಿಲ್ಲ. “ಇನ್ನೊಂದ್ಸಲ ಹಾಕ್ಲಾ ತಾತ?” ಅಂದಳು. ಹಾಕು ಅಂದರು.